ಲೂಯಿಸ್–ಕ್ಲಾರ್ಕ್ ಯಾತ್ರೆಯ ಬೀಡಿನಲ್ಲಿ ಒಂದು ನಾಯಿ

೧

ಕಾಡುಮೇಡುಗಳಲ್ಲಿ ಹಗಲೆಲ್ಲ ನಡೆದು, ಕತ್ತಲಾದೆಡೆಯಲ್ಲಿ ಬೀಡುಬಿಟ್ಟು, ಬೆಂಕಿಯ ಬಳಿ ನಾಯಿಯನ್ನು ಕಾವಲಿಗಿರಿಸಿಕೊಂಡು ಮಲಗುವುದು ಮಾನವನ ಅತಿ ಪುರಾತನ ಅಭ್ಯಾಸಗಳಲ್ಲೊಂದು. ಬೇಟೆಗಾರ, ದನಗಾಹಿ, ಯೋಧ, ವ್ಯಾಪಾರಿ ಇವರೆಲ್ಲರೂ ಇದನ್ನು ಬಲ್ಲವರು. ಆದರೆ ಇಂತಹ ಬಾಳನ್ನು ಬಾಳಿದವರಲ್ಲಿ ಲೇಖನಿ ಹಿಡಿದವರು ವಿರಳ. ಲೇಖನಿ ಹಿಡಿದವರಲ್ಲಿ ನಾಯಿಯ ಮಾತನ್ನು ಬರೆಯಲರ್ಹವೆಂದು ಎಣಿಸಿದವರು ಇನ್ನೂ ವಿರಳ. ಆದಕಾರಣ ದಾರಿ ನಡೆದ ಮನುಷ್ಯನಿಗೂ ಅವನ ಜೊತೆ ನಡೆದ ಪ್ರಾಣಿಗೂ ಇದ್ದ ಸಂಬಂಧದ ಇತಿಹಾಸವನ್ನು ಬರೆಯಹೊರಡುವವರಿಗೆ ಆಧಾರಗಳ ಅಭಾವವೇ ಮೊದಲಿನ ತೊಡಕಾಗುತ್ತದೆ.

ಈ ಅಭಾವಕ್ಕೆ ಗಮನಾರ್ಹವಾದ ಒಂದು ಅಪವಾದವಿದೆ. ೧೮೦೪ರಿಂದ ೧೮೦೬ರವರೆಗೆ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಆದೇಶದ ಮೇರೆಗೆ ಮಿಸ್ಸೂರಿ ನದಿಯನ್ನು ಎದುರೇರಿ, ರಾಕಿ ಪರ್ವತಗಳನ್ನು ದಾಟಿ, ಪೆಸಿಫಿಕ್ ಸಾಗರವನ್ನು ಮುಟ್ಟಿ ಹಿಂದಿರುಗಿದರು. ಹೋಗಿಬಂದ ದಾರಿ ಸುಮಾರು ೮,೦೦೦ ಮೈಲಿ. ಈ ಯಾತ್ರೆಯಲ್ಲಿ ಇಬ್ಬರು ನಾಯಕರೂ ಆರ್ಡ್ವೇ, ಗ್ಯಾಸ್, ಫ್ಲಾಯ್ಡ್ ಎಂಬ ಸಾರ್ಜೆಂಟರೂ ವೈಟ್‌ಹೌಸ್ ಎಂಬ ಸಾಮಾನ್ಯ ಸೈನಿಕನೂ ದಿನಚರಿಗಳನ್ನು ಬರೆದಿಟ್ಟರು. ನದಿಯ ತಿರುವು, ಆಕಾಶದ ಸ್ಥಿತಿ, ಗಿಡಮೂಲಿಕೆ, ಮೃಗಪಕ್ಷಿ, ಮೂಲನಿವಾಸಿಗಳ ಆಚಾರ ಇವುಗಳ ವಿವರಗಳ ನಡುನಡುವೆ ಲೂಯಿಸನ ನಾಯಿಯ ಉಲ್ಲೇಖಗಳು ಅಲ್ಲಲ್ಲಿ ಬಂದಿವೆ. ಇವುಗಳನ್ನು ಒಂದೆಡೆ ಕೂಡಿಸಿ ನೋಡಿದಾಗ ಏನು ತಿಳಿದುಬರುತ್ತದೆಂಬುದೇ ಪ್ರಕೃತ ಲೇಖನದ ವಿಷಯ.

ನಾವು ಇಲ್ಲಿ ಮೂರು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇವೆ. ಮೊದಲನೆಯದು, ನಡಿಗೆಯಲ್ಲಿಯೂ ಬೀಡಿನಲ್ಲಿಯೂ ಈ ನಾಯಿಯ ಪಾತ್ರವೇನು? ಎರಡನೆಯದು, ಅದರ ಹೆಸರಿನ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಹಾದಿ ತಪ್ಪಿದುದಕ್ಕೆ ಕಾರಣವೇನು? ಮೂರನೆಯದು, ಒಂದು ನಾಯಿಯನ್ನು ಇಷ್ಟು ಪ್ರೀತಿಯಿಂದ ಕಂಡ ತಂಡವೇ ಬೇರೆ ನಾಯಿಗಳನ್ನೂ ಬೇರೆ ಮನುಷ್ಯರನ್ನೂ ಕಂಡ ಬಗೆಯಿಂದ ನಾವು ಏನನ್ನು ಗ್ರಹಿಸಬೇಕು?

೨

೧೮೦೩ರ ಆಗಸ್ಟ್ ೩೧ರಂದು ಲೂಯಿಸನು ಪಿಟ್ಸ್‌ಬರ್ಗ್ ನಗರದಿಂದ ಓಹಾಯೋ ನದಿಯ ಇಳಿಮುಖವಾಗಿ ಹೊರಟನು. ಸೆಪ್ಟೆಂಬರ್ ೧೧ರ ದಿನಚರಿಯಲ್ಲಿ ನಾಯಿಯ ಮಾತು ಬರುತ್ತದೆ. ಆ ದಿನ ಅಳಿಲುಗಳು ಹಿಂಡುಗಟ್ಟಿ ನದಿಯನ್ನು ಈಜಿ ದಾಟುತ್ತಿದ್ದುವು. ನಾಯಿಯು ನೀರಿಗೆ ಧುಮುಕಿ ಅಳಿಲನ್ನು ಹಿಡಿದು ಕೊಂದು ದೋಣಿಗೆ ತಂದೊಪ್ಪಿಸುತ್ತಿತ್ತು. ಹುರಿದ ಅಳಿಲು ರುಚಿಯಾದ ಆಹಾರವೆಂದು ಲೂಯಿಸನು ಬರೆದಿದ್ದಾನೆ. ನಾಯಿಯು ನ್ಯೂಫೌಂಡ್‌ಲೆಂಡ್ ತಳಿಯದೆಂದೂ ಚುರುಕು, ಬಲ, ವಿಧೇಯತೆ ಎಂಬ ಗುಣಗಳುಳ್ಳದ್ದೆಂದೂ ಅಲ್ಲಿಯೇ ತಿಳಿಸಿದ್ದಾನೆ. ಈ ತಳಿಯು ದಟ್ಟವಾದ ಕೂದಲು, ಬೆರಳುಗಳ ನಡುವೆ ತೊಗಲಿನ ಪೊರೆ, ಬೃಹದಾಕಾರ ಇವುಗಳಿಂದ ಕೂಡಿ ಈಜುವುದರಲ್ಲಿ ಪ್ರಸಿದ್ಧವಾದುದು; ಅಟ್ಲಾಂಟಿಕ್ ಕರಾವಳಿಯ ಮೀನುಗಾರರೂ ನಾವಿಕರೂ ಸಾಕುತ್ತಿದ್ದುದು. ನದಿಯನ್ನೇ ದಾರಿಯಾಗಿ ಮಾಡಿಕೊಂಡ ಯಾತ್ರಿಕನು ಇಂತಹ ನಾಯಿಯನ್ನು ಆರಿಸಿಕೊಂಡುದು ವಿವೇಕದ ಕಾರ್ಯವೇ ಸರಿ.

ಅದೇ ವರ್ಷ ನವೆಂಬರ್ ೧೬ರಂದು ಮೂಲನಿವಾಸಿಯೊಬ್ಬನು ಈ ನಾಯಿಯನ್ನು ಮೆಚ್ಚಿ ಅದಕ್ಕಾಗಿ ಮೂರು ಬೀವರ್ ತೊಗಲುಗಳನ್ನು ಕೊಡಲು ಬಂದನು. ತುಪ್ಪುಳ ವ್ಯಾಪಾರವೇ ಮುಖ್ಯವಾಗಿದ್ದ ಆ ಸೀಮೆಯಲ್ಲಿ ಬೀವರ್ ತೊಗಲು ನಾಣ್ಯಕ್ಕೆ ಸಮಾನ. ಲೂಯಿಸನು ಒಪ್ಪಲಿಲ್ಲ. ತಾನು ಆ ನಾಯಿಗೆ ೨೦ ಡಾಲರ್ ತೆತ್ತಿರುವುದಾಗಿಯೂ ಅದರ ವಿಧೇಯತೆ ಮತ್ತು ತನ್ನ ಯಾತ್ರೆಗೆ ತಕ್ಕ ಗುಣಗಳ ದೆಸೆಯಿಂದ ಅದನ್ನು ಬಹಳ ಬೆಲೆಯುಳ್ಳದ್ದೆಂದು ಎಣಿಸಿರುವುದಾಗಿಯೂ ಬರೆದಿದ್ದಾನೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಲೂಯಿಸನು ನಾಯಿಯನ್ನು ಕೊಂಡುದು ಮನೋವಿನೋದಕ್ಕಾಗಿ ಮಾತ್ರವೆಂದು ತೋರುವುದಿಲ್ಲ. ಯಾತ್ರೆಯ ಸಾಮಗ್ರಿಯನ್ನು ಸಿದ್ಧಪಡಿಸುವ ಕಾಲದಲ್ಲಿಯೇ ನಾಯಿಯ ಯೋಗ್ಯತೆಯನ್ನೂ ಯಾತ್ರೆಯ ದೃಷ್ಟಿಯಿಂದಲೇ ತೂಗಿ ನೋಡಿದ್ದನು.

೩

೧೮೦೪ರ ಮೇ ೧೪ರಂದು ತಂಡವು ಮಿಸ್ಸೂರಿ ನದಿಯಲ್ಲಿ ಮೇಲ್ಮುಖವಾಗಿ ಪಯಣ ಬೆಳೆಸಿತು. ದೋಣಿಗಳನ್ನು ಹುಟ್ಟುಹಾಕಿ, ಗಳುವೂರಿ, ಹಲವು ಕಡೆ ಹಗ್ಗ ಕಟ್ಟಿ ದಡದಿಂದ ಎಳೆದು ಸಾಗಿಸಬೇಕಾಗಿತ್ತು. ಲೂಯಿಸನು ಬಹುಮಟ್ಟಿಗೆ ದಡದ ಮೇಲೆ ನಡೆಯುತ್ತಿದ್ದನು; ನಾಯಿಯೂ ಅವನ ಜೊತೆಗೆ ನಡೆಯುತ್ತಿತ್ತು. ಹೀಗೆ ನಡೆದ ದಿನಗಳ ಕೆಲವು ಪ್ರಸಂಗಗಳು ಇಂದಿಗೂ ನಾಯಿಯೊಡನೆ ಬೆಟ್ಟ ಹತ್ತುವವರಿಗೆ ಪರಿಚಿತವೆನಿಸುವಂಥವು.

ಆಗಸ್ಟ್ ೨೫ರ ಪ್ರಸಂಗವು ಇದಕ್ಕೆ ನಿದರ್ಶನ. ಇಂದಿನ ದಕ್ಷಿಣ ಡಕೋಟ ರಾಜ್ಯದಲ್ಲಿ ಬಯಲಿನ ನಡುವೆ ಒಂಟಿಯಾಗಿ ನಿಂತ ಒಂದು ದಿಬ್ಬವಿದೆ. ಅದರ ಮೇಲೆ ಒಂದೂವರೆ ಅಡಿ ಎತ್ತರದ ಭೂತಗಳು ವಾಸಿಸುತ್ತವೆಂದೂ ಹತ್ತಿರ ಬಂದವರನ್ನು ಬಾಣಗಳಿಂದ ಕೊಲ್ಲುತ್ತವೆಂದೂ ಸುತ್ತಣ ಜನರ ನಂಬಿಕೆ. ಇದನ್ನು ಕಣ್ಣಾರೆ ಕಾಣಬೇಕೆಂದು ನಾಯಕರಿಬ್ಬರೂ ಕೆಲವರೊಡನೆ ಕಾಲ್ನಡೆಯಿಂದ ಹೊರಟರು. ಅಂದಿನ ಬಿಸಿಲು ಬಲು ತೀವ್ರ. ಹಳ್ಳವೊಂದನ್ನು ದಾಟಿ ಎರಡು ಮೈಲಿ ನಡೆಯುವಷ್ಟರಲ್ಲಿ ನಾಯಿಯು ಬಿಸಿಲಿಗೂ ಆಯಾಸಕ್ಕೂ ಸಿಕ್ಕಿ ನಡೆಯಲಾರದೆ ಹೋಯಿತು. ಅದನ್ನು ಹಳ್ಳದ ನೀರಿಗೆ ಹಿಂದಿರುಗಿಸಬೇಕಾಯಿತೆಂದು ಕ್ಲಾರ್ಕನು ಬರೆದಿದ್ದಾನೆ. ಶೀತಲ ಸಮುದ್ರತೀರಕ್ಕೆ ಹೊಂದಿದ ದಟ್ಟ ಕೂದಲಿನ ತಳಿಗೆ ಹುಲ್ಲುಗಾವಲಿನ ಬೇಸಗೆಯು ಹೊಂದುವಂಥದಲ್ಲ. ನೀರಿನಲ್ಲಿ ಗುಣವಾಗಿದ್ದುದು ಬಯಲಿನಲ್ಲಿ ಭಾರವಾಯಿತು.

೧೮೦೫ರ ಏಪ್ರಿಲ್ ೭ರಂದು, ಚಳಿಗಾಲವನ್ನು ಮಂಡನ್ ಜನರ ಊರುಗಳ ಬಳಿ ಕೋಟೆ ಕಟ್ಟಿಕೊಂಡು ಕಳೆದ ತಂಡವು, ಮತ್ತೆ ಪಶ್ಚಿಮಾಭಿಮುಖವಾಗಿ ಹೊರಟಿತು. ಏಪ್ರಿಲ್ ೨೨ರಂದು ದಡದಲ್ಲಿ ನಡೆಯುತ್ತಿದ್ದ ಲೂಯಿಸನ ಬೆನ್ನಿಗೆ ಬೈಸನ್ ಜಾತಿಯ ಕರುವೊಂದು ಅಂಟಿಕೊಂಡು ಅವನು ದೋಣಿಯೇರುವವರೆಗೂ ಹಿಂಬಾಲಿಸಿತು. ತನ್ನ ನಾಯಿಯನ್ನು ಕಂಡು ಬೆದರಿದ್ದರಿಂದಲೇ ಅದು ತನ್ನನ್ನು ಆಶ್ರಯಿಸಿರಬೇಕೆಂದು ಅವನು ಊಹಿಸಿದ್ದಾನೆ. ಮೂರು ದಿನಗಳ ತರುವಾಯ, ಏಪ್ರಿಲ್ ೨೫ರಂದು, ರಾತ್ರಿಯೆಲ್ಲ ಕಾಣದೆ ಹೋಗಿದ್ದ ನಾಯಿಯು ಬೆಳಗ್ಗೆ ಎಂಟು ಗಂಟೆಗೆ ಬಂದು ಕೂಡಿಕೊಂಡಿತು. ಅದು ಕೈಬಿಟ್ಟು ಹೋಯಿತೆಂದು ತಾನು ಅಂಜಿದ್ದುದಾಗಿಯೂ ಅದು ಬಂದುದರಿಂದ ತೃಪ್ತಿಯಾಯಿತೆಂದೂ ಅವನು ಬರೆದುಕೊಂಡಿದ್ದಾನೆ. ಸರಕಾರಿ ಕಾರ್ಯಕ್ಕೆಂದು ಬರೆದ ದಿನಚರಿಯಲ್ಲಿ ಈ ಒಂದು ವಾಕ್ಯಕ್ಕೆ ಕರ್ತವ್ಯದ ದೃಷ್ಟಿಯಿಂದ ಯಾವ ಅಗತ್ಯವೂ ಇರಲಿಲ್ಲ.

ಮೇ ೧೯ರಂದು ಅಪಾಯವೊಂದು ಸಂಭವಿಸಿತು. ತಂಡದವನೊಬ್ಬನ ಗುಂಡಿನಿಂದ ಗಾಯಗೊಂಡ ಬೀವರನ್ನು ಹಿಡಿದು ತರಲು ನಾಯಿಯು ಎಂದಿನಂತೆ ನೀರಿಗಿಳಿಯಿತು. ಬೀವರ್ ಮರಗಳನ್ನೇ ಕಡಿದುರುಳಿಸಬಲ್ಲ ಹಲ್ಲುಗಳುಳ್ಳ ಪ್ರಾಣಿ. ಅದು ನಾಯಿಯ ಹಿಂಗಾಲನ್ನು ಕಚ್ಚಿ ರಕ್ತನಾಳವನ್ನು ಕತ್ತರಿಸಿತು. ರಕ್ತವನ್ನು ನಿಲ್ಲಿಸುವುದು ಬಹು ಕಷ್ಟವಾಯಿತೆಂದೂ ನಾಯಿಯು ಬದುಕಲಾರದೆಂಬ ಭಯ ತನಗಿದೆಯೆಂದೂ ಲೂಯಿಸನು ಬರೆದನು. ತಂಡದಲ್ಲಿ ವೈದ್ಯರಾರೂ ಇರಲಿಲ್ಲ. ನಾಯಕರಿಬ್ಬರೇ ಎಲ್ಲರಿಗೂ ವೈದ್ಯರು. ಮನುಷ್ಯರಿಗೆ ಚಿಕಿತ್ಸೆ ಮಾಡಿದ ಕೈಗಳೇ ನಾಯಿಗೂ ಚಿಕಿತ್ಸೆ ಮಾಡಿದುವು.

ಆ ಗಾಯವಾಗಿ ಹತ್ತು ದಿನಗಳಾದ ಮೇಲೆ, ಮೇ ೨೯ರ ದಿನಚರಿಯಲ್ಲಿ, ಅದೇ ನಾಯಿ ತಂಡದ ರಕ್ಷಕನಾಗಿ ಕಾಣಿಸಿಕೊಳ್ಳುತ್ತದೆ. ಹಿಂದಿನ ರಾತ್ರಿ ಬೈಸನ್ ಗೂಳಿಯೊಂದು ನದಿಯನ್ನು ಈಜಿ ಬಂದು, ದಡಕ್ಕೆ ಕಟ್ಟಿದ್ದ ದೋಣಿಯನ್ನು ಹತ್ತಿಳಿದು, ಬೆಂಕಿಗಳತ್ತ ಓಡಿಬಂದಿತು. ಮಲಗಿದ್ದ ಕೆಲವರ ತಲೆಗಳಿಂದ ಹದಿನೆಂಟು ಅಂಗುಲಗಳಷ್ಟೇ ದೂರದಲ್ಲಿ ಅದರ ಗೊರಸುಗಳು ಹಾದುಹೋದುವು. ಕಾವಲುಗಾರನು ಬೆದರಿಸಲು ಅದು ದಿಕ್ಕು ಬದಲಿಸಿ ಇನ್ನೂ ಕೆಲವರನ್ನು ತುಳಿಯುವಂತೆ ನುಗ್ಗಿ, ನಾಯಕರು ಮಲಗಿದ್ದ ಡೇರೆಯ ಕಡೆಗೆ ತಿರುಗಿತು. ಆಗ ನಾಯಿಯು ಎದುರು ನಿಂತು ಅದನ್ನು ಬೇರೆಡೆಗೆ ಹೊರಳಿಸಿತು. ಕೋವಿ ಹಿಡಿದು ಎದ್ದ ಜನಕ್ಕೆ ಏನು ನಡೆಯಿತೆಂಬುದು ತಿಳಿಯುವಷ್ಟರಲ್ಲಿ ಗೂಳಿ ಕತ್ತಲಲ್ಲಿ ಮರೆಯಾಗಿತ್ತು. ತನ್ನ ನಾಯಿಯೇ ತಮ್ಮನ್ನು ಉಳಿಸಿತೆಂದು ಲೂಯಿಸನು ಸ್ಪಷ್ಟವಾಗಿ ಹೇಳಿದ್ದಾನೆ.

ಜೂನ್ ತಿಂಗಳಿನಲ್ಲಿ ತಂಡವು ಮಿಸ್ಸೂರಿಯ ಮಹಾಜಲಪಾತಗಳನ್ನು ಸೇರಿತು. ಅಲ್ಲಿ ದೋಣಿಗಳನ್ನೂ ಸರಕನ್ನೂ ಸುಮಾರು ೧೮ ಮೈಲಿ ನೆಲದ ಮೇಲೆ ಸಾಗಿಸಬೇಕಾಗಿತ್ತು. ಪಾಪಾಸುಕಳ್ಳಿಯ ಮುಳ್ಳುಗಳು ತೊಗಲಿನ ಮೆಟ್ಟುಗಳನ್ನು ತೂರಿ ಪಾದಗಳಿಗೆ ನಾಟುತ್ತಿದ್ದುವು. ರಾತ್ರಿಯ ವೇಳೆ ಗ್ರಿಜ್ಲಿ ಕರಡಿಗಳು ಮಾಂಸದ ವಾಸನೆಗೆ ಬೀಡಿನ ಸುತ್ತ ಸುಳಿಯುತ್ತಿದ್ದುವು. ಈ ಸಂದರ್ಭದ ಎರಡು ದಿನಗಳ ಬರೆಹವನ್ನು ಹೋಲಿಸಿದಾಗ ಒಂದು ಸೂಕ್ಷ್ಮವಾದ ಭೇದವು ಕಾಣುತ್ತದೆ. ಜೂನ್ ೨೭ರಂದು ಲೂಯಿಸನು ‘ನನ್ನ ನಾಯಿ’ ರಾತ್ರಿಯೆಲ್ಲ ಬೊಗಳುತ್ತಿದೆಯೆಂದು ಬರೆದನು. ಮರುದಿನ, ಕರಡಿಗಳು ಬಂದಾಗಲೆಲ್ಲ ‘ನಮ್ಮ ನಾಯಿ’ ಸಕಾಲದಲ್ಲಿ ಎಚ್ಚರಿಸುತ್ತದೆಯೆಂದೂ ಇರುಳೆಲ್ಲ ಗಸ್ತು ತಿರುಗುತ್ತದೆಯೆಂದೂ ಬರೆದನು. ಸ್ವತ್ತೆಂದು ಕೊಂಡ ಪ್ರಾಣಿಯು ಬೀಡಿನ ಕಾವಲುಗಾರನಾದುದರ ಗುರುತು ಈ ಸರ್ವನಾಮದ ಬದಲಾವಣೆಯಲ್ಲಿದೆಯೆಂದು ಹೇಳಿದರೆ ಅತಿಯಾಗಲಾರದು. ಕ್ಲಾರ್ಕನಾದರೋ ಹಿಂದಿನ ವರ್ಷ ದಿಬ್ಬದ ನಡಿಗೆಯ ದಿನವೇ ಅದನ್ನು ‘ನಮ್ಮ ನಾಯಿ’ ಎಂದು ಕರೆದಿದ್ದನು.

ಜುಲೈ ೨೬ರಂದು ಹುಲ್ಲಿನ ಮುಳ್ಳುಬೀಜಗಳು ನಾಯಿಯ ಮೈಗೆ ನಾಟಿ ಅದು ತನ್ನನ್ನು ತಾನೇ ಕಚ್ಚಿಕೊಂಡು ಕೆರೆದುಕೊಂಡು ನರಳುತ್ತಿದ್ದುದನ್ನು ಲೂಯಿಸನು ಕನಿಕರದಿಂದ ದಾಖಲಿಸಿದ್ದಾನೆ. ಹಿಂದಿರುಗುವಾಗ, ೧೮೦೬ರ ಜುಲೈ ೧೫ರಂದು, ಸೊಳ್ಳೆಗಳ ಕಾಟ ತಡೆಯಲಾರದೆ ನಾಯಿಯೂ ಊಳಿಡುತ್ತಿದೆಯೆಂದು ಬರೆದನು. ದಿನಚರಿಗಳಲ್ಲಿ ನಾಯಿಯ ಕಡೆಯ ಉಲ್ಲೇಖವು ಇದೇ. ಆ ಬಳಿಕ ಸೆಪ್ಟೆಂಬರ್ ೨೩ರಂದು ತಂಡವು ಸೇಂಟ್ ಲೂಯಿಸ್ ಪಟ್ಟಣವನ್ನು ಸೇರುವವರೆಗೆ ಅದರ ಸುದ್ದಿಯಿಲ್ಲ.

೪

ಇನ್ನು ಹೆಸರಿನ ವಿಚಾರ. ದಿನಚರಿಕಾರರು ಬಹುತೇಕ ಕಡೆಗಳಲ್ಲಿ ‘ನಾಯಿ’ ಎಂದಷ್ಟೇ ಬರೆದಿರುವರು. ಹೆಸರು ಕಾಣುವ ಸ್ಥಳಗಳು ಬೆರಳೆಣಿಕೆಯವು. ಮೂಲ ದಿನಚರಿಗಳ ಸಮಗ್ರ ಮುದ್ರಣವನ್ನು ಥ್ವೇಟ್ಸ್ ಎಂಬ ವಿದ್ವಾಂಸನು ೧೯೦೪–೦೫ರಲ್ಲಿ ಹೊರತಂದನು. ೧೯೧೬ರಲ್ಲಿ ಸಾರ್ಜೆಂಟ್ ಆರ್ಡ್ವೇಯ ದಿನಚರಿಯೂ ಬೆಳಕು ಕಂಡಿತು. ಆ ಬಳಿಕ ನಾಯಿಯ ಹೆಸರು ‘ಸ್ಕ್ಯಾನನ್’ ಎಂಬ ಪಾಠವು ರೂಢವಾಗಿ, ಮಕ್ಕಳ ಪುಸ್ತಕಗಳಿಂದ ಮೊದಲ್ಗೊಂಡು ಪಾಂಡಿತ್ಯದ ಗ್ರಂಥಗಳವರೆಗೆ ಹಬ್ಬಿತು. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಸ್ಪಷ್ಟವಾದ ಅರ್ಥವಿಲ್ಲ. ಆದರೂ ಯಾರೂ ಪ್ರಶ್ನಿಸದೆ ಅದನ್ನು ಸ್ವೀಕರಿಸಿದರು.

೧೯೮೫ರಲ್ಲಿ ಡೊನಾಲ್ಡ್ ಜ್ಯಾಕ್ಸನ್ ಎಂಬ ಇತಿಹಾಸಕಾರನು ಈ ಗಂಟನ್ನು ಬಿಡಿಸಿದನು. ಅವನು ಹೊರಟಿದ್ದುದು ನಾಯಿಯನ್ನು ಹುಡುಕಿಕೊಂಡಲ್ಲ. ಯಾತ್ರೆಯಲ್ಲಿ ಇಟ್ಟ ಸ್ಥಳನಾಮಗಳ ಪರಿಶೀಲನೆಗಾಗಿ. ೧೮೦೬ರ ಜುಲೈ ೫ರಂದು ಲೂಯಿಸನು ಇಂದಿನ ಮೊಂಟಾನ ರಾಜ್ಯದಲ್ಲಿರುವ ಒಂದು ಹೊಳೆಗೆ ‘ಸೀಮನ್ಸ್ ಕ್ರೀಕ್’, ಎಂದರೆ ಸೀಮನ್ನನ ಹೊಳೆ, ಎಂದು ಹೆಸರಿಟ್ಟಿದ್ದನು. ತಂಡದಲ್ಲಿ ಸೀಮನ್ ಎಂಬ ಮನುಷ್ಯನಿರಲಿಲ್ಲ. ಹಾಗಾದರೆ ಈ ಸೀಮನ್ ಯಾರು? ಜ್ಯಾಕ್ಸನ್ನನು ಹಸ್ತಪ್ರತಿಗಳನ್ನು ಮರಳಿ ತೆರೆದು ನೋಡಲು, ‘ಸ್ಕ್ಯಾನನ್’ ಎಂದು ಓದಿದ್ದ ಶಬ್ದವು ವಸ್ತುತಃ ‘ಸೀಮನ್’ ಎಂಬುದಾಗಿ ತೇಲಿತು. ಸೀಮನ್ ಎಂದರೆ ನಾವಿಕ. ನೀರಿನ ನಾಯಿಗೆ ಒಪ್ಪುವ ಹೆಸರು. ಅವಸರದ ಕೈಬರಹದಲ್ಲಿ ಇಂಗ್ಲಿಷಿನ ‘ಇ’ ಅಕ್ಷರವು ‘ಸಿ’ಯಂತೆಯೂ ‘ಎಂ’ ಅಕ್ಷರವು ಜೋಡಿ ‘ಎನ್’ನಂತೆಯೂ ‘ಎ’ ಅಕ್ಷರವು ‘ಒ’ವಿನಂತೆಯೂ ಕಾಣುವುದು ಸಹಜ. ಪಕಾರ–ವಕಾರಗಳ ಭ್ರಾಂತಿಯೊಡನೆ ಹೆಣಗಿದ ನಮ್ಮ ಶಾಸನಾಭ್ಯಾಸಿಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಆ ಹೊಳೆಗಾದರೋ ಇಂದು ಮಾಂಟ್ಯೂರ್ ಕ್ರೀಕ್ ಎಂಬ ಬೇರೊಂದು ಹೆಸರಿದೆ.

ಇಲ್ಲಿ ವಿಧಾನದ ದೃಷ್ಟಿಯಿಂದ ಒಂದು ಪಾಠವಿದೆ. ಅಚ್ಚಾದ ಪಾಠವನ್ನು ತಲೆಮಾರುಗಳವರೆಗೆ ಒಬ್ಬರಿಂದೊಬ್ಬರು ತೆಗೆದುಕೊಂಡರೆ ತಪ್ಪೇ ಪ್ರಮಾಣವಾಗಿ ನಿಲ್ಲುತ್ತದೆ. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಸರಿಯಾದ ಹೆಸರು ೧೮೧೪ರಷ್ಟು ಹಿಂದೆಯೇ ಅಚ್ಚಾಗಿತ್ತು. ಆ ವರ್ಷ ಫಿಲಡೆಲ್ಫಿಯ ನಗರದಲ್ಲಿ ನಿಕೊಲಸ್ ಬಿಡಲ್ ಸಿದ್ಧಪಡಿಸಿದ ಯಾತ್ರೆಯ ಅಧಿಕೃತ ವೃತ್ತಾಂತವು ಹೊರಬಂದಿತು. ಅದೇ ವರ್ಷ ಟಿಮೊಥಿ ಆಲ್ಡೆನ್ ಎಂಬ ಪಾದ್ರಿಯು ಅಮೆರಿಕದ ಸಮಾಧಿಲೇಖಗಳ ಸಂಗ್ರಹವೊಂದನ್ನು ಪ್ರಕಟಿಸಿದನು. ಆ ಸಂಗ್ರಹದಲ್ಲಿ ವರ್ಜೀನಿಯದ ಅಲೆಕ್ಸಾಂಡ್ರಿಯ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ನಾಯಿಯ ಕೊರಳಪಟ್ಟಿಯ ಲೇಖವು ಸೇರಿದೆ. ನಾಯಿಯೇ ಮಾತನಾಡುವಂತೆ ಕೆತ್ತಿದ ಆ ಲೇಖದ ತಾತ್ಪರ್ಯವೇನೆಂದರೆ, ತಾನು ಸೀಮನ್, ಕ್ಯಾಪ್ಟನ್ ಮೆರಿವೆದರ್ ಲೂಯಿಸನ ನಾಯಿ, ಅವನೊಡನೆ ಉತ್ತರ ಅಮೆರಿಕ ಖಂಡದ ಒಳನಾಡನ್ನು ಹಾದು ಪೆಸಿಫಿಕ್ ಸಾಗರದವರೆಗೆ ಹೋದವನು, ತನ್ನ ಜಾತಿಯಲ್ಲಿ ಎಲ್ಲರಿಗಿಂತ ಹಿರಿಯ ಪ್ರವಾಸಿ ಎಂಬುದು. ಈ ಲೇಖವು ಸಮಾಧಿಲೇಖಗಳ ಗ್ರಂಥದಲ್ಲಿ ಅಡಗಿದ್ದುದರಿಂದ ಯಾತ್ರೆಯನ್ನು ಅಭ್ಯಾಸ ಮಾಡುವವರ ಕಣ್ಣಿಗೆ ಬೀಳಲಿಲ್ಲ. ೨೦೦೦ದಲ್ಲಿ ಜೇಮ್ಸ್ ಹೋಮ್‌ಬರ್ಗ್ ಎಂಬ ವಿದ್ವಾಂಸನು ಇದನ್ನು ಮುಂದಿಟ್ಟನು. ಹೀಗೆ ಹಸ್ತಪ್ರತಿಯ ಪುನಃಪರಿಶೀಲನೆಯಿಂದ ಬಂದ ನಿರ್ಣಯಕ್ಕೆ ಸ್ವತಂತ್ರವಾದ ಮತ್ತೊಂದು ಆಧಾರವು ಹದಿನೈದು ವರ್ಷಗಳ ತರುವಾಯ ಬೆಂಬಲವಾಗಿ ಒದಗಿತು.

ಕೊರಳಪಟ್ಟಿ ಇಂದು ಉಳಿದಿಲ್ಲ. ಆದರೆ ಅದರ ಲೇಖದಿಂದ ಇನ್ನೊಂದು ಅನುಮಾನಕ್ಕೂ ಅವಕಾಶವಿದೆ. ಸಾಗರದವರೆಗಿನ ಯಾತ್ರೆಯು ಮುಗಿದ ಸಂಗತಿಯೆಂಬಂತೆ ಅದರಲ್ಲಿ ಹೇಳಿದೆ. ಇಂತಹ ಲೇಖವನ್ನು ಕೆತ್ತಿಸುವ ಅನುಕೂಲವು ಕಾಡಿನ ನಡುವೆ ಇರಲಾರದು. ಆದುದರಿಂದ ಸೊಳ್ಳೆಗಳ ಕಾಟದ ಉಲ್ಲೇಖದೊಡನೆ ದಿನಚರಿಯಿಂದ ಮರೆಯಾದ ನಾಯಿಯು ಜೀವಸಹಿತ ನಾಡಿಗೆ ಮರಳಿತೆಂದು ತಿಳಿಯುವುದು ಯುಕ್ತ. ೧೮೦೯ರ ಅಕ್ಟೋಬರ್ ೧೧ರಂದು ಲೂಯಿಸನು ಟೆನೆಸಿ ಸೀಮೆಯ ದಾರಿಬದಿಯ ತಂಗುಮನೆಯೊಂದರಲ್ಲಿ ಗುಂಡಿನ ಗಾಯಗಳಿಂದ ಮೃತನಾದನು. ನಾಯಿಯು ಒಡೆಯನ ಸಮಾಧಿಯನ್ನು ಬಿಟ್ಟು ಕದಲದೆ, ಅನ್ನ ಮುಟ್ಟದೆ, ಅಲ್ಲಿಯೇ ಪ್ರಾಣ ಬಿಟ್ಟಿತೆಂದು ಆಲ್ಡೆನ್ನನು ಲೇಖದ ಜೊತೆಗೆ ಟಿಪ್ಪಣಿ ಬರೆದಿದ್ದಾನೆ. ಈ ಭಾಗವನ್ನು ಕೊರಳಪಟ್ಟಿಯ ಲೇಖದಷ್ಟೇ ದೃಢವಾದ ಪ್ರಮಾಣವೆಂದು ನಾವು ಎಣಿಸುವುದಿಲ್ಲ. ಲೇಖವು ಕಣ್ಣೆದುರಿನ ವಸ್ತುವಿನ ನಕಲು. ಟಿಪ್ಪಣಿಯು ಕೇಳಿದ ಕಥೆ. ಒಡೆಯನ ಗೋರಿಯ ಮೇಲೆ ಪ್ರಾಣ ಬಿಡುವ ನಾಯಿಯ ಕಥೆ ಅನೇಕ ದೇಶಗಳಲ್ಲಿ ಪ್ರಚಲಿತವಾಗಿರುವುದರಿಂದ ಇಲ್ಲಿ ಇತಿಹಾಸಕಾರನು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು.

ನಾಯಿಯ ಹೆಸರು ಲಿಖಿತವಾಗಿ ಉಳಿದುದಕ್ಕೆ ಕನ್ನಡನಾಡಿನಲ್ಲಿ ಬಹು ಹಿಂದಿನ ನಿದರ್ಶನವೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವು ಶಕವರ್ಷ ೮೭೨ಕ್ಕೆ, ಎಂದರೆ ಕ್ರಿ.ಶ. ೯೪೯–೫೦ಕ್ಕೆ ಸೇರಿದುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಒಡೆಯನ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು; ಆ ನಾಯಿಯು ಬೇಟೆಯಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತುವು; ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಹೆಸರನ್ನು ಸಾರ್ವಜನಿಕರು ಓದಲೆಂದು ಕಲ್ಲಿನಲ್ಲಿ ಕೆತ್ತಿದರು. ಸೀಮನ್ನನ ಹೆಸರು ದಿನಚರಿಯ ಮಸಿಯಲ್ಲಿ ಪ್ರಾಸಂಗಿಕವಾಗಿ ಬಂದು ಹೋಯಿತು. ಒಂದರ ಹೆಸರು ಸಾವಿರ ವರ್ಷಗಳ ಮೇಲೂ ಸಂದೇಹವಿಲ್ಲದೆ ನಿಂತಿರುವುದಕ್ಕೂ ಇನ್ನೊಂದರದು ನೂರು ವರ್ಷಗಳೊಳಗೆ ಕೆಟ್ಟುಹೋದುದಕ್ಕೂ ಈ ಉದ್ದೇಶಭೇದವೇ ಕಾರಣವೆನ್ನಬಹುದು.

೫

ಮೂರನೆಯ ಪ್ರಶ್ನೆಯು ಮೊದಲೆರಡಕ್ಕಿಂತ ಕಠಿನವಾದುದು. ಸೀಮನ್ನನು ಕಾಲಿಟ್ಟ ನಾಡು ನಾಯಿಗಳಿಲ್ಲದ ನಾಡಾಗಿರಲಿಲ್ಲ. ಕುದುರೆಯು ಆ ಬಯಲುಸೀಮೆಗೆ ಬರುವುದಕ್ಕೆ ಮುಂಚೆ ಅಲ್ಲಿನ ಜನರಿಗೆ ನಾಯಿಯೊಂದೇ ಭಾರ ಹೊರುವ ಪ್ರಾಣಿ. ಎರಡು ಗಳುಗಳನ್ನು ನಾಯಿಯ ಹೆಗಲಿಗೆ ಕಟ್ಟಿ, ಹಿಂದುಗಡೆ ನೆಲಕ್ಕೆ ಎಳೆಬಿಟ್ಟು, ಅದರ ಮೇಲೆ ಡೇರೆಯ ತೊಗಲು, ಸೌದೆ, ಮಾಂಸ ಮುಂತಾದುವನ್ನು ಹೇರಿ ಒಂದು ಬೀಡಿನಿಂದ ಇನ್ನೊಂದು ಬೀಡಿಗೆ ಸಾಗುತ್ತಿದ್ದರು. ಕುದುರೆಯು ಬಂದ ಮೇಲೂ ಈ ಪದ್ಧತಿ ಉಳಿದಿತ್ತು. ಯಾತ್ರಿಕರು ೧೮೦೪ರಲ್ಲಿ ಇದನ್ನು ಕಂಡು ಬರೆದಿದ್ದಾರೆ. ಎಂದರೆ ನಾಯಿಯೊಡನೆ ನಡೆದು ಬೀಡುಬಿಡುವ ಬಾಳು ಆ ಖಂಡದಲ್ಲಿ ಲೂಯಿಸನಿಂದ ಆರಂಭವಾದುದಲ್ಲ. ಅವನು ಕಾಲಿಟ್ಟುದು ಬಹುಕಾಲದಿಂದ ಹಾಗೆ ಬಾಳಿದವರ ನಾಡಿಗೆ. ಆದರೆ ಆ ನಾಯಿಗಳ ಹೆಸರುಗಳು ನಮ್ಮ ದಾಖಲೆಗಳಲ್ಲಿಲ್ಲ.

ರಾಕಿ ಪರ್ವತಗಳನ್ನು ದಾಟಿದ ಮೇಲೆ ತಂಡಕ್ಕೆ ಬೇಟೆ ಸಿಕ್ಕುವುದು ಕಷ್ಟವಾಯಿತು. ಕೊಲಂಬಿಯ ನದಿಯ ಸೀಮೆಯಲ್ಲಿ ಒಣಗಿಸಿದ ಮೀನೂ ಗೆಡ್ಡೆಗಳೂ ಹೇರಳ. ಆದರೆ ಅವು ಅನೇಕರ ಹೊಟ್ಟೆಗೆ ಹಿಡಿಸಲಿಲ್ಲ. ಆಗ ತಂಡದವರು ಮೂಲನಿವಾಸಿಗಳಿಂದ ನಾಯಿಗಳನ್ನು ಕೊಂಡು ತಿನ್ನತೊಡಗಿದರು. ೧೮೦೫ರ ಅಕ್ಟೋಬರ್ ೧೮ರಂದು ಒಂದೇ ದಿನ ನಾಲ್ವತ್ತು ನಾಯಿಗಳನ್ನು ಅಲ್ಪಬೆಲೆಯ ಸಾಮಾನುಗಳಿಗೆ ಕೊಂಡುದಾಗಿ ಕ್ಲಾರ್ಕನು ಬರೆದಿದ್ದಾನೆ. ೧೮೦೬ರ ಜನವರಿಯ ಹೊತ್ತಿಗೆ ಲೂಯಿಸನಿಗೆ ಈ ಆಹಾರವು ರೂಢಿಯಾಗಿ ರುಚಿಸಿತು. ಕ್ಲಾರ್ಕನಿಗೆ ಮಾತ್ರ ಕೊನೆಗೂ ಹಿಡಿಸಲಿಲ್ಲ. ೧೮೦೬ರ ಮೇ ೫ರಂದು ನೆಜ್ ಪರ್ಸ್ ಜನಾಂಗದ ಒಬ್ಬನು ನಾಯಿ ತಿನ್ನುವವರೆಂದು ಪರಿಹಾಸ ಮಾಡಿ ಬಡಕಲು ನಾಯಿಮರಿಯೊಂದನ್ನು ಲೂಯಿಸನ ತಟ್ಟೆಯ ಬಳಿ ಎಸೆದನು. ಲೂಯಿಸನು ಕೋಪದಿಂದ ಮರಿಯನ್ನು ಅವನ ಮುಖಕ್ಕೇ ಎಸೆದು ಕೊಡಲಿಯೆತ್ತಿ ಬೆದರಿಸಿದನು. ಇಷ್ಟಾದರೂ ಆ ದಿನಗಳಲ್ಲೆಲ್ಲ ಸೀಮನ್ನನು ಅದೇ ಬೆಂಕಿಯ ಬಳಿ ಮಲಗುತ್ತಿದ್ದನು. ಹಸಿವು ತೀವ್ರವಾದಾಗಲೂ ಅವನನ್ನು ಕೊಲ್ಲುವ ಯೋಚನೆ ಯಾವ ದಿನಚರಿಯಲ್ಲಿಯೂ ಕಾಣುವುದಿಲ್ಲ. ಜಾತಿಯಿಂದ ಒಂದೇ ಆದ ಪ್ರಾಣಿಗಳಲ್ಲಿ ಕೆಲವು ಆಹಾರವೂ ಒಂದು ಸಂಗಾತಿಯೂ ಆದುದಕ್ಕೆ ಹೆಸರೂ ಸಹವಾಸವೂ ಕಾರಣವೆಂದಲ್ಲದೆ ಬೇರೆ ಸಮಾಧಾನವು ನಮಗೆ ತೋರುವುದಿಲ್ಲ.

೧೮೦೬ರ ಏಪ್ರಿಲ್ ೧೧ರ ಘಟನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಕೊಲಂಬಿಯ ನದಿಯ ಜಲಪಾತಗಳ ಬಳಿ ಮೂವರು ಮೂಲನಿವಾಸಿಗಳು ಸೀಮನ್ನನನ್ನು ಹಿಡಿದುಕೊಂಡು ತಮ್ಮ ಊರ ಕಡೆಗೆ ನಡೆದರು. ಸುದ್ದಿ ತಿಳಿದ ಕೂಡಲೆ ಲೂಯಿಸನು ಮೂವರನ್ನು ಅಟ್ಟಿ, ನಾಯಿಯನ್ನೊಪ್ಪಿಸಲು ಸ್ವಲ್ಪ ತಡೆ ಮಾಡಿದರೂ ಗುಂಡು ಹಾರಿಸಬೇಕೆಂದು ಅಪ್ಪಣೆಯಿತ್ತನು. ಬೆನ್ನಟ್ಟಿ ಬಂದವರನ್ನು ಕಂಡು ಅವರು ನಾಯಿಯನ್ನು ಬಿಟ್ಟು ಓಡಿದುದರಿಂದ ಅನರ್ಥವು ತಪ್ಪಿತು. ಒಂದು ನಾಯಿಯ ಸಲುವಾಗಿ ಮನುಷ್ಯರ ಪ್ರಾಣವನ್ನು ತೆಗೆಯಲು ಸಿದ್ಧನಾದ ನಾಯಕನ ಪ್ರೀತಿಯನ್ನು ಕೊಂಡಾಡುವ ಬರೆಹಗಾರರು ಬಹಳ ಮಂದಿ. ಆದರೆ ಆ ಸೀಮೆಯ ಜನರ ನಾಯಿಗಳನ್ನು ಆರು ತಿಂಗಳಿಂದ ಕೊಂಡು ತಿನ್ನುತ್ತಿದ್ದ ತಂಡವು ತನ್ನ ನಾಯಿಯನ್ನು ಮಾತ್ರ ಬೆಲೆಕಟ್ಟಲಾಗದ್ದೆಂದು ಬಗೆದುದು ಅಲ್ಲಿನವರಿಗೆ ಹೇಗೆ ತೋರಿರಬೇಕೆಂಬುದನ್ನೂ ಆಲೋಚಿಸುವುದು ಇತಿಹಾಸಕಾರನ ಕರ್ತವ್ಯ.

ಇನ್ನೊಂದು ಪ್ರಸಂಗವು ಇದಕ್ಕಿಂತ ಗಂಭೀರವಾದುದು. ೧೮೦೫ರ ಆಗಸ್ಟ್ ೧೭ರಂದು ಶೋಶೋನಿ ಜನರು ತಂಡವನ್ನು ಕಂಡು ಬೆರಗಾದರು. ಅವರ ಬೆರಗಿಗೆ ಕಾರಣವಾದುವನ್ನು ಎಣಿಸುತ್ತ ಲೂಯಿಸನು ತಂಡದವರ ವೇಷ, ಆಯುಧಗಳು, ದೋಣಿಗಳು, ಯಾರ್ಕ್, ತನ್ನ ನಾಯಿಯ ಬುದ್ಧಿವಂತಿಕೆ ಇವುಗಳನ್ನು ಒಂದೇ ಸಾಲಿನಲ್ಲಿ ಇರಿಸಿದ್ದಾನೆ. ಯಾರ್ಕ್ ಎಂಬವನು ಕ್ಲಾರ್ಕನ ಒಡೆತನದಲ್ಲಿದ್ದ ಕರಿಯ ಗುಲಾಮ. ಅವನು ದೋಣಿಯೆಳೆದನು, ಬೇಟೆಯಾಡಿದನು, ಎಲ್ಲರಂತೆ ದಾರಿ ನಡೆದನು. ಯಾತ್ರೆ ಮುಗಿದ ಮೇಲೆ, ೧೮೦೭ರಲ್ಲಿ, ಸಂಸತ್ತು ತಂಡದ ಸೈನಿಕರಿಗೆ ಇಮ್ಮಡಿ ವೇತನವನ್ನೂ ತಲಾ ೩೨೦ ಎಕರೆ ಭೂಮಿಯನ್ನೂ ನಾಯಕರಿಗೆ ತಲಾ ೧,೬೦೦ ಎಕರೆ ಭೂಮಿಯನ್ನೂ ಕೊಟ್ಟಿತು. ಯಾರ್ಕನಿಗೆ ವೇತನವೂ ಇಲ್ಲ, ಭೂಮಿಯೂ ಇಲ್ಲ. ಅವನು ಗುಲಾಮನಾಗಿಯೇ ಹಿಂದಿರುಗಿದನು. ನಾಯಿಗೆ ಹಿರಿಯ ಪ್ರವಾಸಿಯೆಂದು ಸಾರುವ ಕೊರಳಪಟ್ಟಿ ದೊರೆತ ಸಮಾಜದಲ್ಲಿ ಈ ಮನುಷ್ಯನಿಗೆ ಯಾವ ಮನ್ನಣೆಯೂ ದೊರೆಯಲಿಲ್ಲ. ಸೀಮನ್ನನ ವೃತ್ತಾಂತವನ್ನು ಹೇಳುವವರು ಈ ಸಂಗತಿಯನ್ನು ಬದಿಗಿಟ್ಟು ಹೇಳಿದರೆ ಆ ವೃತ್ತಾಂತವು ಮನೋಹರವಾಗಬಹುದು, ಸತ್ಯವಾಗಲಾರದು.

೬

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಯಾತ್ರೆಯ ಆರಂಭದಲ್ಲಿ ನಾಯಿಯು ಲೂಯಿಸನು ೨೦ ಡಾಲರಿಗೆ ಕೊಂಡ ಸ್ವತ್ತು. ನೀರಿನಲ್ಲಿ ಬೇಟೆಯನ್ನು ತರುವುದು, ದಡದಲ್ಲಿ ಜೊತೆಗೆ ನಡೆಯುವುದು, ಇರುಳಲ್ಲಿ ಬೀಡನ್ನು ಕಾಯುವುದು ಈ ಮೂರು ಕಾರ್ಯಗಳಿಂದ ಅದು ಕ್ರಮೇಣ ತಂಡದ ನಾಯಿಯಾಯಿತು. ಬಿಸಿಲು, ಮುಳ್ಳು, ಸೊಳ್ಳೆ, ಗಾಯ ಇವುಗಳನ್ನು ಅದು ಮನುಷ್ಯರೊಡನೆ ಸಮಸಮವಾಗಿ ಅನುಭವಿಸಿತು. ೧೮೦೫ರ ಏಪ್ರಿಲ್ ೭ರಂದು ಹೊರಟವರನ್ನು ಲೂಯಿಸನು ಹೆಸರಿಸಿದಾಗ ಸಕಾಗವಿಯ ಹಸುಗೂಸನ್ನೂ ಸೇರಿಸಿ ೩೩ ಜನರ ಲೆಕ್ಕ ದೊರೆಯುತ್ತದೆ. ನಾಯಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಪಟ್ಟಿಯಲ್ಲಿ ಸೇರದ ಹೆಸರನ್ನು ಒಂದು ವರ್ಷದ ತರುವಾಯ ಅದೇ ಲೂಯಿಸನು ಒಂದು ಹೊಳೆಗೆ ಇಟ್ಟನು. ಆ ಹೊಳೆಯ ಹೆಸರಿಲ್ಲದಿದ್ದರೆ ಜ್ಯಾಕ್ಸನ್ನನ ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ.

ರಾಜಮಹಾರಾಜರ ಚರಿತ್ರೆಯಲ್ಲಿ ಪಳಗಿದ ನಮ್ಮ ಅಭ್ಯಾಸಿಗಳಿಗೆ ನಾಯಿಯ ಇತಿಹಾಸವು ಕ್ಷುಲ್ಲಕವೆಂದು ತೋರಬಹುದು. ಆದರೆ ಒಂದು ನಾಯಿಯ ಹೆಸರನ್ನು ಸರಿಯಾಗಿ ಓದಲು ಬೇಕಾದುದು ಒಬ್ಬ ಅರಸನ ಹೆಸರನ್ನು ಸರಿಯಾಗಿ ಓದಲು ಬೇಕಾದ ಶಿಸ್ತೇ. ಹಸ್ತಪ್ರತಿಯನ್ನು ಮರಳಿ ನೋಡುವುದು, ಸಂಬಂಧವಿಲ್ಲವೆಂದು ತೋರುವ ಗ್ರಂಥಗಳನ್ನೂ ಶೋಧಿಸುವುದು, ಕೇಳಿದ ಕಥೆಯನ್ನು ಕಂಡ ವಸ್ತುವಿನಿಂದ ಬೇರ್ಪಡಿಸುವುದು ಇವೇ ಆ ಶಿಸ್ತಿನ ಅಂಗಗಳು. ಇವುಗಳ ಜೊತೆಗೆ ದಾಖಲೆಯು ಯಾರನ್ನು ಹೆಸರಿಸಿತು, ಯಾರನ್ನು ಎಣಿಕೆಗೆ ತೆಗೆದುಕೊಂಡಿತು, ಯಾರಿಗೆ ಮನ್ನಣೆಯಿತ್ತಿತು ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳಬೇಕು. ಯಾರ್ಕನು ಎಣಿಕೆಯಲ್ಲಿದ್ದೂ ಮನ್ನಣೆಗೆ ಹೊರಗಾದನು. ಸೀಮನ್ನನು ಎಣಿಕೆಯಲ್ಲಿಲ್ಲದೆಯೂ ಮನ್ನಣೆ ಪಡೆದನು. ಡೇರೆ ಹೊತ್ತು ನಡೆದ ಬಯಲುಸೀಮೆಯ ನಾಯಿಗಳು ಎರಡಕ್ಕೂ ಹೊರಗಾದುವು. ಈ ಮೂವರ ಹೆಜ್ಜೆಗಳೂ ಒಂದೇ ನೆಲದ ಮೇಲೆ ಬಿದ್ದವೆಂಬುದನ್ನು ಮರೆಯದೆ ಬರೆದಾಗ ಮಾತ್ರ ಆ ಯಾತ್ರೆಯ ಇತಿಹಾಸವು ಪೂರ್ಣವಾದೀತು.